ಅಂಗಡಿ, ಮನೆ, ಗೋದಾಮು ಒಂದೇ ನಿವೇಶನದಲ್ಲಿ: ಮಾರುವ ಮೊದಲು ಏನೇನು ಆಗಬೇಕು?

ಪ್ರಶ್ನೆ: ಮಾನ್ಯರೇ, ಚಿಕ್ಕಮಗಳೂರಿನ ಬಸವನಹಳ್ಳಿ ಭಾಗದಲ್ಲಿ ನಮ್ಮ ತಂದೆಯವರು 1978ರಲ್ಲಿ ಸ್ವಂತ ದುಡಿಮೆಯಿಂದ ಕೊಂಡ 60 ಅಡಿ ಅಗಲ, 120 ಅಡಿ ಉದ್ದದ ನಿವೇಶನವಿದೆ. ರಸ್ತೆಯ ಕಡೆಗೆ ಐದು ಮಳಿಗೆಗಳು, ಅವುಗಳ ಮೇಲೆ ಎರಡು ಮನೆಗಳು, ಹಿಂಭಾಗದಲ್ಲಿ ಹಂಚಿನ ಹಳೆಯ ಮನೆ ಮತ್ತು ಕಾಫಿ ಮೂಟೆ ಇಡಲು ಬಾಡಿಗೆಗೆ ಕೊಟ್ಟಿರುವ ಗೋದಾಮು ಇವೆ. ತಂದೆಯವರು 2011ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ತಾಯಿಯವರು ಹಿಂದಿನ ಮನೆಯಲ್ಲೇ ಇದ್ದಾರೆ. ನಾನು ಹಿರಿಯ ಮಗ, ಊರಿನಲ್ಲೇ ಇದ್ದೇನೆ. ತಂಗಿ ಬೆಂಗಳೂರಿನಲ್ಲಿದ್ದಾಳೆ, ಅವಳ ಹೆಸರಿನಲ್ಲಿ ಅಲ್ಲಿ ಎರಡು ಮನೆಗಳಿವೆ. ತಮ್ಮ ಅಮೆರಿಕದಲ್ಲಿ ನೆಲೆಸಿದ್ದಾನೆ. ಬಟ್ಟೆ ಅಂಗಡಿಯವರು ಸುಮಾರು ಮೂವತ್ತು ವರ್ಷಗಳಿಂದ ಬಾಡಿಗೆಗಿದ್ದಾರೆ, ಅವರ ಕರಾರು ನವೀಕರಣವಾಗಿಲ್ಲ. ಮೇಲಿನ ಒಂದು ಮನೆಯನ್ನು 8 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟಿದ್ದೇವೆ. ನಗರಸಭೆಯ ಖಾತೆ ಈಗಲೂ ತಂದೆಯವರ ಹೆಸರಿನಲ್ಲಿದೆ. ಅದರಲ್ಲಿ 'ವಾಸದ ಮನೆ' ಎಂದಷ್ಟೇ ನಮೂದಾಗಿದೆ. ದಲ್ಲಾಳಿಯೊಬ್ಬರು ಒಟ್ಟು 4 ಕೋಟಿ 80 ಲಕ್ಷಕ್ಕೆ ಪಾರ್ಟಿ ತಂದಿದ್ದು, ಸ್ವಲ್ಪ ಭಾಗವನ್ನು ನಗದಾಗಿ ಕೊಡುತ್ತಾರೆ ಎನ್ನುತ್ತಿದ್ದಾರೆ. ಬಾಡಿಗೆದಾರರೋ ತಮ್ಮ ತಮ್ಮ ಮಳಿಗೆಯನ್ನು ತಾವೇ ಕೊಳ್ಳುತ್ತೇವೆ, ಒಟ್ಟಾರೆ ಇನ್ನೂ ಹೆಚ್ಚು ಹಣ ಬರುತ್ತದೆ ಎನ್ನುತ್ತಾರೆ. ಒಟ್ಟಾಗಿ ಮಾರಬೇಕೇ, ಬಿಡಿಬಿಡಿಯಾಗಿಯೇ? ತೆರಿಗೆ ಎಷ್ಟು ಬೀಳುತ್ತದೆ? ದಯವಿಟ್ಟು ತಿಳಿಸಿ.

— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ನೀವು ಇದನ್ನು ಒಂದು ಆಸ್ತಿ ಎಂದು ಬರೆದಿದ್ದೀರಿ. ರಸ್ತೆಯಲ್ಲಿ ನಿಂತು ನೋಡುವವರಿಗೂ ಅದು ಒಂದೇ ಕಟ್ಟಡವಾಗಿ ಕಾಣುತ್ತದೆ. ಆದರೆ ನೋಂದಣಿ ಇಲಾಖೆಯ ಮಾರ್ಗಸೂಚಿ ದರಕ್ಕೆ (ಆಸ್ತಿಗೆ ಸರ್ಕಾರ ನಿಗದಿಪಡಿಸಿದ ಕನಿಷ್ಠ ಬೆಲೆಗೆ), ನಗರಸಭೆಯ ಕಂದಾಯಕ್ಕೆ, ಬಾಡಿಗೆಯ ಕಾನೂನಿಗೆ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಆದಾಯ ತೆರಿಗೆಗೆ ಮಳಿಗೆ ಬೇರೆ, ಮನೆ ಬೇರೆ. ಆದ್ದರಿಂದ ಯಾವುದು ಎಷ್ಟು ಅಳತೆ, ಯಾವುದಕ್ಕೆ ಎಷ್ಟು ಮೌಲ್ಯ, ಯಾರ ಸ್ವಾಧೀನದಲ್ಲಿ ಯಾವುದು ಇದೆ ಎಂಬುದನ್ನು ಕಾಗದದ ಮೇಲೆ ವಿಂಗಡಿಸಿಕೊಂಡ ನಂತರವೇ ಬೆಲೆಯ ಮಾತಿಗೆ ಕುಳಿತುಕೊಳ್ಳಬೇಕು. ಈ ವಿಂಗಡಣೆ ಇಲ್ಲದೆ ಒಟ್ಟು ಮೊತ್ತಕ್ಕೆ ಒಪ್ಪಿಕೊಂಡವರು ಆಮೇಲೆ ತೆರಿಗೆಯಲ್ಲಿಯೋ, ವ್ಯಾಜ್ಯದಲ್ಲಿಯೋ ಅದರ ಬೆಲೆ ತೆರುತ್ತಾರೆ.

ಮೊದಲು ಹಕ್ಕಿನ ವಿಚಾರ. ಆಸ್ತಿ ತಂದೆಯವರ ಸ್ವಯಾರ್ಜಿತ, ಉಯಿಲು ಇಲ್ಲ. ಹೀಗಾಗಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ, ನೀವು, ತಂಗಿ, ತಮ್ಮ ನಾಲ್ವರಿಗೂ ಸಮಪಾಲು, ಅಂದರೆ ತಲಾ ನಾಲ್ಕನೇ ಒಂದು ಭಾಗ. ಹೆಣ್ಣುಮಕ್ಕಳ ಹಕ್ಕು 2005ರ ತಿದ್ದುಪಡಿಯಿಂದ ಮಾತ್ರ ಬಂದದ್ದು ಎಂಬ ಮಾತು ನಮ್ಮ ಕಡೆ ಇನ್ನೂ ಕೇಳಿಬರುತ್ತದೆ. ಆ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಗೆ ಸಂಬಂಧಿಸಿದ್ದು. ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಸಮಪಾಲು 1956ರಿಂದಲೇ ಇದೆ. ತಂಗಿಯಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡು, ಮಾರಿದ ಮೇಲೆ ಅವಳಿಗೆ ಇಷ್ಟು ಕೊಡೋಣ ಎಂಬ ಯೋಚನೆ ಮನೆಯಲ್ಲಿ ಬಂದಿದ್ದರೆ ಅದನ್ನು ಬಿಡಿ. ನಾಲ್ವರೂ ಮಾರಾಟಗಾರರಾಗಿ ಕ್ರಯಪತ್ರಕ್ಕೆ ಸಹಿ ಹಾಕಬೇಕು, ನಾಲ್ವರ ಬ್ಯಾಂಕ್ ಖಾತೆಗೂ ಅವರವರ ಪಾಲಿನ ಹಣ ನೇರವಾಗಿ ಜಮೆಯಾಗಬೇಕು. ಹಾಗೆ ಮಾಡಿದರೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ, ಪ್ರತಿಯೊಬ್ಬರೂ ತಮ್ಮ ಪಾಲಿನ ತೆರಿಗೆ ವಿನಾಯಿತಿಯನ್ನು ತಾವೇ ಪಡೆಯಬಹುದು.

ನಂತರ ಖಾತೆ. ಈಗ ನಗರ ಪ್ರದೇಶದ ಆಸ್ತಿಗೆ ಇ-ಖಾತೆ, ಅಂದರೆ ಗಣಕೀಕೃತ ಖಾತೆ ಇಲ್ಲದೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಕ್ರಯಪತ್ರ ನೋಂದಣಿಯಾಗುವುದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಮೂಲ ಕ್ರಯಪತ್ರ, ಋಣಭಾರ ಪ್ರಮಾಣಪತ್ರ ಮತ್ತು ಕಂದಾಯದ ರಸೀದಿಗಳೊಂದಿಗೆ ನಾಲ್ವರ ಹೆಸರಿಗೂ ಜಂಟಿಯಾಗಿ ಖಾತೆ ಬದಲಾವಣೆ ಮಾಡಿಸಿ. 'ವಾಸದ ಮನೆ' ಎಂಬ ನಮೂದನ್ನು ಈ ಹಂತದಲ್ಲೇ ಸರಿಪಡಿಸಬೇಕು. ಕಂದಾಯ ಹೆಚ್ಚಾಗುತ್ತದೆ ಎಂಬ ಕಾರಣಕ್ಕೆ ಅನೇಕರು ಇದನ್ನು ಮುಂದಕ್ಕೆ ಹಾಕುತ್ತಾರೆ. ಆದರೆ ಮಳಿಗೆಗಳಿಗೆ ಮೆಸ್ಕಾಂನವರು ವಾಣಿಜ್ಯ ಮೀಟರ್ ಕೊಟ್ಟಿದ್ದರೆ, ಅಲ್ಲಿ ಎಂದಿನಿಂದ ಅಂಗಡಿ ನಡೆಯುತ್ತಿದೆ ಎಂಬುದು ಆ ದಾಖಲೆಯಲ್ಲಿಯೇ ಇರುತ್ತದೆ. ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕಿನ ವಕೀಲರು ಮೊದಲು ಹಿಡಿಯುವುದೇ ಇಂಥ ವ್ಯತ್ಯಾಸವನ್ನು. ವ್ಯತ್ಯಾಸದ ಕಂದಾಯವನ್ನು ಈಗಲೇ ಕಟ್ಟಿ ಮುಗಿಸುವುದು, ಅದೇ ಕಾರಣ ಹೇಳಿ ಪಾರ್ಟಿ ಕೊನೆಯ ಗಳಿಗೆಯಲ್ಲಿ ಬೆಲೆ ಇಳಿಸುವುದಕ್ಕಿಂತ ಎಷ್ಟೋ ಮೇಲು. ಇದರ ಜೊತೆಗೆ ಸರ್ವೇಯರ್ ಒಬ್ಬರಿಂದ ಸ್ಥಳ ಅಳೆಸಿ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಮೂಲಪತ್ರಕ್ಕೆ ಹೊಂದುತ್ತದೆಯೇ ಎಂದು ನೋಡಿ. ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ನಿಮ್ಮ ನಿವೇಶನ ಮಹಾಯೋಜನೆಯ ಯಾವ ವಲಯದಲ್ಲಿದೆ, ರಸ್ತೆ ಅಗಲೀಕರಣದ ಗೆರೆ ಮಳಿಗೆಗಳ ಒಳಗೆ ಎಷ್ಟು ಅಡಿ ಬರುತ್ತದೆ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಬಾಡಿಗೆದಾರರು ಹೇಳುವಂತೆ ಐದು ಮಳಿಗೆಗಳನ್ನು ಐವರಿಗೆ ಮಾರಿದರೆ ಮುಂಭಾಗದ ಚದರಡಿಗೆ ಹೆಚ್ಚು ದರ ಸಿಗುವುದು ನಿಜ. ಆದರೆ ಆ ಮಾರಾಟದ ನಂತರ ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ನಕ್ಷೆ ಹಾಕಿ ನೋಡಿ. ಮೇಲಿನ ಮನೆಗಳಿಗೆ ಹತ್ತುವ ಮೆಟ್ಟಿಲು ಯಾವ ಮಳಿಗೆಯ ಪಕ್ಕದಿಂದ ಹೋಗುತ್ತದೆ? ಹಿಂದಿನ ಮನೆಗೆ, ಗೋದಾಮಿಗೆ ಲಾರಿ ಹೋಗುವ ದಾರಿ ಯಾರ ಪಾಲಿಗೆ ಬರುತ್ತದೆ? ಬಾವಿ, ಒಳಚರಂಡಿಯ ಕೊಳವೆ, ಮಳೆನೀರು ಇಳಿಯುವ ಕಾಲುವೆ ಯಾರ ನೆಲದಡಿಯಲ್ಲಿ ಉಳಿಯುತ್ತವೆ? ಮಳಿಗೆಯನ್ನು ಕೊಂಡವರು ನಾಳೆ ಕೆಡವಿ ಕಟ್ಟುತ್ತೇನೆಂದರೆ ಮೇಲಿನ ಮನೆಯ ಗತಿಯೇನು? ರಸ್ತೆಯ ಮುಖ ಕಳೆದುಕೊಂಡ ಹಿಂಭಾಗಕ್ಕೆ ವಾಣಿಜ್ಯದ ಬೆಲೆ ಉಳಿಯುವುದಿಲ್ಲ, ಕಿರಿದಾದ ಓಣಿಯ ಕೊನೆಯ ಮನೆಯ ಬೆಲೆ ಮಾತ್ರ ಸಿಗುತ್ತದೆ. 7,200 ಚದರಡಿಯಲ್ಲಿ ಹೆಚ್ಚಿನ ಭಾಗ ಹಿಂದೆಯೇ ಇರುವುದರಿಂದ, ಮುಂದೆ ಗಳಿಸಿದ್ದನ್ನು ಅಲ್ಲಿ ಕಳೆದುಕೊಳ್ಳುತ್ತೀರಿ. ಇಷ್ಟರ ಮೇಲೆ, ಹೀಗೆ ತುಂಡು ಮಾಡಲು ಯೋಜನಾ ಪ್ರಾಧಿಕಾರದ ಅನುಮೋದನೆ ಮತ್ತು ಪ್ರತಿ ತುಂಡಿಗೂ ಪ್ರತ್ಯೇಕ ಇ-ಖಾತೆ ಬೇಕು.

ಹಾಗಾಗಿ ನನ್ನ ಸ್ಪಷ್ಟ ಅಭಿಪ್ರಾಯ: ಒಬ್ಬರೇ ಕೊಳ್ಳುವವರಿಗೆ ಒಟ್ಟಾಗಿ ಮಾರಿ. ಇಷ್ಟು ದೊಡ್ಡ ಆಸ್ತಿಗೆ ಗಿರಾಕಿಗಳು ಕಡಿಮೆ, ಕಾಯಬೇಕಾಗುತ್ತದೆ. ಆದರೆ ಚಿಕ್ಕಮಗಳೂರಿನಲ್ಲಿ ಪ್ರವಾಸಿಗರ ಓಡಾಟ ಬೆಳೆದಿರುವುದರಿಂದ ವಸತಿಗೃಹಕ್ಕೆ, ದೊಡ್ಡ ಮಳಿಗೆಗೆ ಪಟ್ಟಣದೊಳಗೆ ವಿಸ್ತಾರವಾದ ಜಾಗ ಹುಡುಕುವವರು ಇದ್ದಾರೆ. ಕಾಫಿ ಕೊಯ್ಲು ಮುಗಿದು ತೋಟದವರ ಕೈಗೆ ಹಣ ಬರುವ ಬೇಸಿಗೆಯ ತಿಂಗಳುಗಳಲ್ಲಿ ವಿಚಾರಣೆಗಳೂ ಹೆಚ್ಚು. ಒಂದೇ ದಲ್ಲಾಳಿಯ ಒಂದೇ ಪಾರ್ಟಿಗೆ ಕಟ್ಟುಬೀಳಬೇಡಿ. ವಿಭಜನೆ ಅನಿವಾರ್ಯವೇ ಆದರೆ, ನಿವೇಶನವನ್ನು ರಸ್ತೆಯಿಂದ ಹಿಂಬದಿಯವರೆಗೆ ಉದ್ದಕ್ಕೆ ಎರಡು ಮಾಡಿ, ಅಂದರೆ 30 ಅಡಿಗೆ 120 ಅಡಿಯ ಎರಡು ಭಾಗಗಳಾಗಲಿ. ಎರಡಕ್ಕೂ ರಸ್ತೆಯ ಮುಖ ಉಳಿಯುತ್ತದೆ. ಮುಂದೆ-ಹಿಂದೆ ಎಂದು ಅಡ್ಡಲಾಗಿ ಮಾತ್ರ ಕತ್ತರಿಸಬೇಡಿ.

ಬಾಡಿಗೆದಾರರನ್ನು ಖಾಲಿ ಮಾಡಿಸಿಯೇ ಮಾರಬೇಕೆಂಬ ನಿಯಮವೇನೂ ಇಲ್ಲ. 14 ಚದರ ಮೀಟರ್‌ಗಿಂತ, ಅಂದರೆ ಸುಮಾರು 150 ಚದರಡಿಗಿಂತ ದೊಡ್ಡದಾದ ಮಳಿಗೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಅನ್ವಯಿಸುವುದಿಲ್ಲ. ಅಂಥ ಮಾಸಿಕ ಬಾಡಿಗೆಯನ್ನು ಸ್ವತ್ತು ವರ್ಗಾವಣೆ ಕಾಯ್ದೆಯಡಿ 15 ದಿನಗಳ ನೋಟಿಸಿನಿಂದ ಕೊನೆಗೊಳಿಸಬಹುದು. ಕಾಗದದ ಮೇಲೆ ಇದು ಸುಲಭ. ನೋಟಿಸಿಗೆ ಮಣಿಯದೆ ಬಾಡಿಗೆದಾರರು ನ್ಯಾಯಾಲಯಕ್ಕೆ ಹೋದರೆ ವರ್ಷಗಳು ಹಿಡಿಯುತ್ತವೆ, ಆ ವರ್ಷಗಳಲ್ಲಿ ನಿಮ್ಮ ಗಿರಾಕಿ ಕಾಯುವುದಿಲ್ಲ. ಬಟ್ಟೆ ಅಂಗಡಿಯವರೊಂದಿಗೆ ಕುಳಿತು ಮಾತಾಡಿ, 11 ತಿಂಗಳ ಹೊಸ ಕರಾರು ಮಾಡಿಕೊಂಡು, ಬಾಡಿಗೆ ಎಷ್ಟು, ಠೇವಣಿ ಎಷ್ಟು ಎಂಬುದಕ್ಕೆ ಅವರ ಸಹಿ ಪಡೆಯಿರಿ. ಮೂವತ್ತು ವರ್ಷ ಅದೇ ಜಾಗವನ್ನು ನಂಬಿ ವ್ಯಾಪಾರ ಮಾಡಿದವರಿಗೆ ಮಾರಾಟದ ಸುದ್ದಿ ದಲ್ಲಾಳಿಯ ಬಾಯಿಂದ ತಲುಪಬಾರದು, ನೀವೇ ಹೇಳಬೇಕು. ಭೋಗ್ಯದ 8 ಲಕ್ಷವನ್ನು ಯಾರು ಹಿಂತಿರುಗಿಸುತ್ತಾರೆ, ಕ್ರಯದ ಹಣದಲ್ಲಿ ಅದನ್ನು ಮುರಿದುಕೊಳ್ಳುತ್ತಾರೆಯೇ ಎಂಬುದು ಕ್ರಯದ ಕರಾರಿನಲ್ಲೇ ಇರಲಿ.

ತೆರಿಗೆಯ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಹಳೆಯ ಕಲಂಗಳ ಸಂಖ್ಯೆಯನ್ನು ಇಲ್ಲಿ ಬಳಸಿಲ್ಲ. ತಂದೆಯವರು 2001ಕ್ಕೆ ಮೊದಲೇ ಕೊಂಡಿದ್ದರಿಂದ, 1978ರ ಬೆಲೆಯ ಬದಲು 2001ರ ಏಪ್ರಿಲ್ 1ರಂದು ಇದ್ದ ಮಾರುಕಟ್ಟೆ ಮೌಲ್ಯವನ್ನು ನಿಮ್ಮ ವೆಚ್ಚವೆಂದು ತೋರಿಸಬಹುದು. ಆದರೆ ಆ ದಿನದ ಮಾರ್ಗಸೂಚಿ ದರ ಲಭ್ಯವಿದ್ದರೆ ಅದನ್ನು ಮೀರುವಂತಿಲ್ಲ. ಲಾಭದ ಮೇಲೆ 12.5% ತೆರಿಗೆ. 2024ರ ಜುಲೈ 23ಕ್ಕೆ ಮೊದಲು ಪಡೆದ ಆಸ್ತಿಯಾದ್ದರಿಂದ, ಭಾರತದ ನಿವಾಸಿಗಳಾದ ನಿಮಗೆ, ತಾಯಿಗೆ, ತಂಗಿಗೆ ಇನ್ನೊಂದು ಆಯ್ಕೆಯೂ ಇದೆ: ವೆಚ್ಚವನ್ನು ಹಣದುಬ್ಬರದ ಸೂಚ್ಯಂಕದಂತೆ ಹೆಚ್ಚಿಸಿ, ಉಳಿದ ಲಾಭಕ್ಕೆ 20%ರಂತೆ ಲೆಕ್ಕ ಹಾಕಿ, ಎರಡರಲ್ಲಿ ಕಡಿಮೆಯಾದದ್ದನ್ನು ಕಟ್ಟುವುದು. ಉತ್ತರಾಧಿಕಾರದಿಂದ ಬಂದ ಆಸ್ತಿಗೆ ಹಿಂದಿನ ಮಾಲೀಕರ ಕಾಲದಿಂದಲೇ ಸೂಚ್ಯಂಕ ಹಿಡಿಯಬಹುದೆಂದು ಹೈಕೋರ್ಟ್‌ಗಳು ಹೇಳಿವೆ.

ಒಬ್ಬರ ಪಾಲನ್ನು ತೆಗೆದುಕೊಳ್ಳಿ. 4 ಕೋಟಿ 80 ಲಕ್ಷದಲ್ಲಿ ನಾಲ್ಕನೇ ಒಂದು ಭಾಗ 1 ಕೋಟಿ 20 ಲಕ್ಷ. 2001ರ ಮೌಲ್ಯ ಇಡೀ ಆಸ್ತಿಗೆ 40 ಲಕ್ಷ, ಅಂದರೆ ತಲಾ 10 ಲಕ್ಷ ಎಂದಿಟ್ಟುಕೊಂಡರೆ, 12.5%ರ ದಾರಿಯಲ್ಲಿ ತೆರಿಗೆ 13.75 ಲಕ್ಷ, 2025-26ರ ಸೂಚ್ಯಂಕ 376ನ್ನು (2001-02ರದು 100) ಹಿಡಿದು 20%ರ ದಾರಿಯಲ್ಲಿ ಹೋದರೆ 16.48 ಲಕ್ಷ. 2001ರ ಮೌಲ್ಯ 80 ಲಕ್ಷ, ಅಂದರೆ ತಲಾ 20 ಲಕ್ಷ ಎಂದು ಸಮರ್ಥಿಸಲು ಸಾಧ್ಯವಾದರೆ ಚಿತ್ರ ತಿರುಗುತ್ತದೆ: ಮೊದಲನೆಯದರಲ್ಲಿ 12.5 ಲಕ್ಷ, ಎರಡನೆಯದರಲ್ಲಿ 8.96 ಲಕ್ಷ. ಸೆಸ್ ಇತ್ಯಾದಿ ಇದಕ್ಕೆ ಸೇರುತ್ತವೆ. ಮಾರಾಟದ ಬೆಲೆ 2001ರ ಮೌಲ್ಯದ ಎಂಟು ಪಟ್ಟಿಗಿಂತ ಕಡಿಮೆ ಇದ್ದರೆ ಈ ಸೂಚ್ಯಂಕದಲ್ಲಿ 20%ರ ದಾರಿಯೇ ಲಾಭ. ಆದ್ದರಿಂದ ಉಪನೋಂದಣಾಧಿಕಾರಿ ಕಚೇರಿಯಿಂದ 2001ರ ಮಾರ್ಗಸೂಚಿ ದರದ ಪ್ರತಿ ಪಡೆದು, ನೋಂದಾಯಿತ ಮೌಲ್ಯಮಾಪಕರಿಂದ ಮಳಿಗೆ, ಮನೆ, ಗೋದಾಮುಗಳಿಗೆ ಬೇರೆಬೇರೆಯಾಗಿ ವರದಿ ಬರೆಸಿ. ಅದಕ್ಕೆ ತೆರುವ ಶುಲ್ಕ ಈ ವ್ಯತ್ಯಾಸದ ಮುಂದೆ ಏನೂ ಅಲ್ಲ.

ಆ ವರದಿಯ ವಿಂಗಡಣೆ ವಿನಾಯಿತಿಗೂ ಬೇಕು. ವಾಸದ ಮನೆಗಳ ಭಾಗದಿಂದ ಬಂದ ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ, ಹಾಕಿದ ಲಾಭದಷ್ಟಕ್ಕೆ ವಿನಾಯಿತಿ ಸಿಗುತ್ತದೆ. ಮಳಿಗೆ ಮತ್ತು ಗೋದಾಮಿನ ಭಾಗಕ್ಕೆ ನಿಯಮ ಕಠಿಣ: ಪೂರ್ಣ ವಿನಾಯಿತಿ ಬೇಕಾದರೆ ಲಾಭವನ್ನಷ್ಟೇ ಹೂಡಿದರೆ ಸಾಲದು, ಆ ಭಾಗಕ್ಕೆ ಬಂದ ಇಡೀ ನಿವ್ವಳ ಕ್ರಯದ ಹಣವನ್ನು ಮನೆಗೆ ಹಾಕಬೇಕು, ಮತ್ತು ಮಾರಾಟದ ದಿನ ಹೊಸ ಮನೆಯನ್ನು ಬಿಟ್ಟು ಒಂದಕ್ಕಿಂತ ಹೆಚ್ಚು ವಾಸದ ಮನೆ ಇರಬಾರದು. ನಿಮ್ಮ ತಂಗಿಯವರಿಗೆ ಬೆಂಗಳೂರಿನಲ್ಲಿ ಎರಡು ಮನೆಗಳಿರುವುದರಿಂದ ಮಳಿಗೆಯ ಭಾಗಕ್ಕೆ ಅವರಿಗೆ ಈ ವಿನಾಯಿತಿ ಇಲ್ಲ, ಮನೆಯ ಭಾಗಕ್ಕೆ ಮಾತ್ರ ಇದೆ. ಉಳಿದದ್ದಕ್ಕೆ ಅವರು ಮಾರಾಟದ ಆರು ತಿಂಗಳೊಳಗೆ ಆರ್‌ಇಸಿ, ಪಿಎಫ್‌ಸಿಯಂಥ ಸರ್ಕಾರಿ ಹಣಕಾಸು ಸಂಸ್ಥೆಗಳ ಅಧಿಸೂಚಿತ ಬಾಂಡ್‌ಗಳಲ್ಲಿ 50 ಲಕ್ಷದವರೆಗೆ ಐದು ವರ್ಷಕ್ಕೆ ಹೂಡಬಹುದು. ಈ ಮಿತಿ ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ. ಹೊಸ ಮನೆ ಕೊಳ್ಳುವುದಾದರೆ ಮಾರಾಟಕ್ಕೆ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ, ಕಟ್ಟಿಸುವುದಾದರೆ ಮೂರು ವರ್ಷದೊಳಗೆ. ಒಂದು ವರ್ಷ ಮೊದಲೇ ಕೊಳ್ಳಬಹುದು ಎಂಬುದು ತಾಯಿಯವರ ದೃಷ್ಟಿಯಿಂದ ಮುಖ್ಯ. ಅವರಿಗೆ ಒಪ್ಪುವ ಮನೆಯನ್ನು ಅವರ ಹೆಸರಿನಲ್ಲೇ ಮೊದಲು ನೋಡಿ, ಅವರು ಅಲ್ಲಿ ನೆಲೆಯೂರಿದ ಮೇಲೆ ಕ್ರಯ ಮುಗಿಸಿ. ಅವರ ಸಹಿ ಕೇಳುವ ಮೊದಲು ಅವರ ಇಚ್ಛೆಯನ್ನು ಕೇಳಬೇಕಾದದ್ದು ನೀವು ಮೂವರು ಮಕ್ಕಳ ಕರ್ತವ್ಯ.

ತಮ್ಮನ ವಿಷಯ ಬೇರೆ. ಅನಿವಾಸಿಯಾದ್ದರಿಂದ ಸೂಚ್ಯಂಕದ ಆಯ್ಕೆ ಅವನಿಗಿಲ್ಲ. ನಿಮ್ಮ ಮೂವರ ಪಾಲಿನಲ್ಲಿ ಕೊಳ್ಳುವವರು 1% ತೆರಿಗೆಯನ್ನು ಮೂಲದಲ್ಲೇ ಕಡಿತ (ಟಿಡಿಎಸ್) ಮಾಡಿದರೆ, ಅವನ ಪಾಲಿಗೆ 12.5% ಮತ್ತು ಸರ್ಚಾರ್ಜ್, ಸೆಸ್ ಸೇರಿಸಿ ಹಿಡಿಯಬೇಕಾಗುತ್ತದೆ. ಲಾಭವೆಷ್ಟೆಂದು ಕೊಳ್ಳುವವರಿಗೆ ಗೊತ್ತಿರದ ಕಾರಣ ಇಡೀ ಮೊತ್ತದ ಮೇಲೆಯೇ ಹಿಡಿಯುವುದು ರೂಢಿ. ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ತಮ್ಮನು ಆದಾಯ ತೆರಿಗೆ ಇಲಾಖೆಗೆ ಮೊದಲೇ ಅರ್ಜಿ ಹಾಕಿದರೆ ಈ ತೊಂದರೆ ತಪ್ಪುತ್ತದೆ. ಊರಿಗೆ ಬರಲು ಆಗದಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರ ಕಳಿಸಬೇಕು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿರಬೇಕು.

ನಗದಿನ ಮಾತಿಗೆ ಒಪ್ಪಬೇಡಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆದರೆ ಪಡೆದಷ್ಟೇ ಮೊತ್ತದ ದಂಡಕ್ಕೆ ಗುರಿಯಾಗುವಿರಿ. ಕ್ರಯಪತ್ರದಲ್ಲಿ ತೋರಿಸದ ಹಣದಿಂದ ಕೊಂಡ ಮನೆಗೆ ವಿನಾಯಿತಿಯೂ ಸಿಗುವುದಿಲ್ಲ. ಕೊಳ್ಳುವವರಿಗೆ ಮುದ್ರಾಂಕ ಮತ್ತು ಉಪಕರ ಸೇರಿ 5.6%, 2025ರ ಆಗಸ್ಟ್ 31ರಿಂದ ಹೆಚ್ಚಾದ ನೋಂದಣಿ ಶುಲ್ಕ 2%, ಒಟ್ಟು 7.6% ಬೀಳುತ್ತದೆ, ನಿಮ್ಮ ಬೆಲೆಗೆ ಅದು 36.48 ಲಕ್ಷ. ನಗದಿನ ಪ್ರಸ್ತಾಪಕ್ಕೆ ಈ ಉಳಿತಾಯವೂ ಒಂದು ಕಾರಣ. ಉಳಿತಾಯ ಅವರದು, ಅಪಾಯ ನಿಮ್ಮದು.

ಪ್ರಶ್ನೆ: ಹಾಸನದ ಸಾಲಗಾಮೆ ರಸ್ತೆಯಲ್ಲಿ ಕೆಳಗೆ ಬೇಕರಿ, ಮೇಲೆ ಮೂರು ಮನೆಗಳಿರುವ ನಮ್ಮ ಕಟ್ಟಡದ ಮೇಲೆ ಬ್ಯಾಂಕ್ ಸಾಲವಿದೆ. ಕೊಳ್ಳುವವರು 25 ಲಕ್ಷ ಮುಂಗಡ ಕೊಟ್ಟು, ದುರಸ್ತಿ ಮಾಡಿಸಲು ಈಗಲೇ ಸ್ವಾಧೀನ ಕೊಡಿ, ಒಂದು ವರ್ಷದಲ್ಲಿ ನೋಂದಣಿ ಮಾಡಿಸಿಕೊಳ್ಳುತ್ತೇವೆ ಎನ್ನುತ್ತಾರೆ. ಕೊಡಬಹುದೇ?

— ಓದುಗರೊಬ್ಬರು, ಹಾಸನ

ಉತ್ತರ: ಕೊಡಬೇಡಿ. ಸ್ವಾಧೀನ ಬಿಟ್ಟುಕೊಟ್ಟ ಕ್ರಯದ ಕರಾರಿಗೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ, ಮತ್ತು ಅಂಥ ಕರಾರು ನೋಂದಣಿಯಾಗಿದ್ದರೆ ಕೊಳ್ಳುವವರು ತಮ್ಮ ಸ್ವಾಧೀನವನ್ನು ನಿಮ್ಮ ವಿರುದ್ಧವೇ ಕಾಪಾಡಿಕೊಳ್ಳಬಹುದು. 2018ರಲ್ಲಿ ನಿರ್ದಿಷ್ಟ ಪರಿಹಾರ ಕಾಯ್ದೆಗೆ ತಿದ್ದುಪಡಿಯಾದ ಮೇಲೆ, ಕರಾರು ಮಾಡಿಕೊಂಡವರು ಕೇಳಿದರೆ ಕ್ರಯಪತ್ರ ಬರೆದುಕೊಡುವಂತೆ ನ್ಯಾಯಾಲಯ ಆದೇಶಿಸುವುದೇ ಸಾಮಾನ್ಯ ನಿಯಮವಾಗಿದೆ. ವರ್ಷಗಟ್ಟಲೆ ಅವಧಿ ಕೊಟ್ಟರೆ ಅಷ್ಟು ಕಾಲ ನೀವು ಬೇರೆ ಯಾರಿಗೂ ಮಾರುವಂತಿಲ್ಲ. ಮೂರು ಅಥವಾ ನಾಲ್ಕು ತಿಂಗಳ ಅವಧಿ ಸಾಕು. ಮುಂಗಡವನ್ನು ನೇರವಾಗಿ ನಿಮ್ಮ ಸಾಲದ ಖಾತೆಗೆ ಜಮೆ ಮಾಡಿಸಿ, ಉಳಿದ ಸಾಲವನ್ನು ನೋಂದಣಿಯ ದಿನ ಕೊಳ್ಳುವವರ ಚೆಕ್‌ನಿಂದ ತೀರಿಸಿ, ಬ್ಯಾಂಕಿನವರು ಮೂಲಪತ್ರಗಳನ್ನು ಆ ದಿನವೇ ಬಿಡುಗಡೆ ಮಾಡುವಂತೆ ಮೊದಲೇ ಪತ್ರ ಪಡೆದಿಡಿ. ದುರಸ್ತಿಗೆ ಅಂದಾಜು ಮಾಡಲು ಅವರ ಎಂಜಿನಿಯರ್ ಬಂದು ನೋಡಿ ಹೋಗಲಿ. ಬೀಗದ ಕೈ ನೋಂದಣಿಯ ನಂತರ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಇಂಥದ್ದೇ ಕಟ್ಟಡದ ಒಂದು ಮಳಿಗೆಯಲ್ಲಿ ನಾನು ಬಾಡಿಗೆಗಿದ್ದೇನೆ. ಮಾಲೀಕರು ಇಡೀ ಕಟ್ಟಡ ಮಾರುತ್ತಿದ್ದಾರೆ. ಮೊದಲು ನನಗೇ ಕೊಡಬೇಕೆಂಬ ಹಕ್ಕು ಇದೆಯೇ? ನನ್ನ ಠೇವಣಿಯ ಗತಿಯೇನು?

— ಅಂಗಡಿಯವರೊಬ್ಬರು

ಉತ್ತರ: ಕರಾರಿನಲ್ಲಿ ಹಾಗೆ ಬರೆದುಕೊಂಡಿರದಿದ್ದರೆ ಬಾಡಿಗೆದಾರರಿಗೆ ಮೊದಲು ಕೊಳ್ಳುವ ಹಕ್ಕನ್ನು ಕಾನೂನು ಕೊಟ್ಟಿಲ್ಲ. ಆದರೆ ಮಾರಾಟವಾಯಿತೆಂಬ ಕಾರಣಕ್ಕೇ ನಿಮ್ಮ ಬಾಡಿಗೆ ಕೊನೆಗೊಳ್ಳುವುದಿಲ್ಲ. ಕೊಂಡವರು ಹಳೆಯ ಮಾಲೀಕರ ಸ್ಥಾನಕ್ಕೆ ಬರುತ್ತಾರೆ. ಮಾರಾಟದ ಬಗ್ಗೆ ನಿಮಗೆ ತಿಳಿಯುವ ಮೊದಲು ಹಳೆಯ ಮಾಲೀಕರಿಗೆ ಕೊಟ್ಟ ಬಾಡಿಗೆಯನ್ನು ಹೊಸಬರು ಮತ್ತೆ ಕೇಳುವಂತಿಲ್ಲ. ಇನ್ನು ಮುಂದೆ ಬಾಡಿಗೆಯನ್ನು ಬ್ಯಾಂಕ್ ಮೂಲಕವೇ ಕೊಡಿ. ಠೇವಣಿಯ ಬಗ್ಗೆ ಈಗಿನ ಮಾಲೀಕರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬರೆದು, ಮೊತ್ತವನ್ನು ತಿಳಿಸಿ, ಅದನ್ನು ನೋಂದಣಿಗೆ ಮೊದಲು ನಿಮಗೆ ಹಿಂತಿರುಗಿಸಬೇಕು ಅಥವಾ ಕೊಳ್ಳುವವರಿಗೆ ವರ್ಗಾಯಿಸಿ ಕ್ರಯಪತ್ರದಲ್ಲಿ ನಿಮ್ಮ ಹೆಸರಿನೊಂದಿಗೆ ನಮೂದಿಸಬೇಕು ಎಂದು ಕೇಳಿ. ಅದೇ ಪತ್ರದ ಪ್ರತಿಯನ್ನು ಕೊಳ್ಳುವವರಿಗೂ ಕಳಿಸಿ.